ಓಟ, ಕಣಕಾಲು ಮತ್ತು ನೂರರವತ್ತು ಡಾಲರಿನ ಶೂ

"ಇಪ್ಪತ್ತೇಳಕ್ಕೇ ಶುಗರಾ?" ಅಂತ ಅಮ್ಮ ಫೋನಿನಲ್ಲಿ ಅತ್ತೇ ಬಿಟ್ಟಳು. 2024ರ ಏಪ್ರಿಲ್ ಅದು. ರಕ್ತಪರೀಕ್ಷೆಯಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 5.9 ಬಂದಿತ್ತು. 6.5 ಮುಟ್ಟಿದರೆ ಡಯಾಬಿಟೀಸ್, 5.7ರಿಂದ 6.4ರವರೆಗೆ ಅದರ ಹೊಸ್ತಿಲು. ಅಪ್ಪ ನಲವತ್ತಕ್ಕೇ ಮಾತ್ರೆ ಶುರು ಮಾಡಿದವರು. ನನ್ನ ಕೆಲಸವೋ, ದಿನಕ್ಕೆ ಹತ್ತು ಗಂಟೆ ಕುರ್ಚಿಗೆ ಅಂಟಿಕೊಂಡಿರೋದು. ಸರಿ, ನಾಳೆಯಿಂದ ಓಟ ಅಂತ ತೀರ್ಮಾನಿಸಿದೆ.

ತೀರ್ಮಾನವೇನೋ ಚೆನ್ನಾಗೇ ಇತ್ತು, ಓಡಿದ ರೀತಿ ಮಾತ್ರ ಶುದ್ಧ ದಡ್ಡತನ. ಚಳಿ ಕಳೆದ ಕೂಡಲೇ ಶಿಕಾಗೋ ಜನವೆಲ್ಲ ಮಿಶಿಗನ್ ಸರೋವರದ ದಂಡೆಯ 18 ಮೈಲಿ ದಾರಿಗೆ ಬಂದು ಬೀಳುತ್ತೆ. ಅವರ ಮಧ್ಯೆ ನಾನೂ. ಮೊದಲ ದಿನವೇ ಎರಡು ಮೈಲಿ, ವಾರಕ್ಕೆ ಐದು ದಿನ, ಮೂರನೇ ವಾರಕ್ಕೆ ದಿನಾ ನಾಲ್ಕು ಮೈಲಿ! ಕಾಲಲ್ಲಿ ಯಾವತ್ತೋ ಸೇಲ್‌ನಲ್ಲಿ ಕೊಂಡ ಹಳೇ ಶೂ. ಏದುಸಿರು ಕಡಿಮೆಯಾಗಿತ್ತು, ಅದನ್ನೇ ಪ್ರಗತಿ ಅಂದುಕೊಂಡೆ. ಆ ವಾರದ ಕೊನೆಗೆ ಕಣಕಾಲಿನ ಒಳಬದಿಯಲ್ಲಿ, ಮೂಳೆಯ ಅಂಚಿನುದ್ದಕ್ಕೂ ನೋವು ಶುರುವಾಯ್ತು. ಬೆರಳಿಟ್ಟು ಒತ್ತಿದರೆ ಪ್ರಾಣ ಹೋಗುತ್ತೆ. ಅಮ್ಮ "ಹರಳೆಣ್ಣೆ ಬಿಸಿ ಮಾಡಿ ಹಚ್ಚೋ" ಅಂದಳು. ಹಚ್ಚಿದೆ. ಹಾಸಿಗೆಗೆ ಜಿಡ್ಡಾಯ್ತು, ನೋವು ಇದ್ದಲ್ಲೇ ಇತ್ತು.

ತಪ್ಪು ಶೂದೇ ಇರಬೇಕು ಅಂತ ಒಂದು ಅಂಗಡಿಗೆ ಹೋದೆ. ಟ್ರೆಡ್‌ಮಿಲ್ ಮೇಲೆ ಓಡಿಸಿದರು, ವಿಡಿಯೋ ತೆಗೆದರು, "ನಿನ್ನ ಪಾದ ಒಳಗೆ ವಾಲುತ್ತೆ, ಅದಕ್ಕೇ ನೋವು" ಅಂತ ನೂರರವತ್ತು ಡಾಲರಿನ ಶೂ ಕಟ್ಟಿ ಕಳಿಸಿದರು. ಹತ್ತು ದಿನ ಸುಮ್ಮನಿದ್ದು ಮತ್ತೆ ಅದೇ ನಾಲ್ಕು ಮೈಲಿ ಓಡಿದೆ. ಒಂದೇ ವಾರಕ್ಕೆ ಅದೇ ನೋವು, ಈ ಸಲ ಎರಡೂ ಕಾಲಿಗೆ. ಓಟ ನಮ್ಮಂಥವರಿಗಲ್ಲ ಅಂತ ಕೈಬಿಡುವುದರಲ್ಲಿದ್ದೆ. ಕೊನೆಯ ಪ್ರಯತ್ನ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಆಕೆ ಶೂ ಕಡೆ ನೋಡಲೂ ಇಲ್ಲ. "ಆರು ವಾರದ ಹಿಂದೆ ವಾರಕ್ಕೆ ಎಷ್ಟು ಓಡ್ತಿದ್ದೆ?" ಅಂದರು. ಸೊನ್ನೆ. ಉತ್ತರ ಅಲ್ಲೇ ಇತ್ತು.

ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಅಂತಾರೆ. ಓಡುವಾಗ ಪ್ರತಿ ಹೆಜ್ಜೆಗೂ ಕಣಕಾಲಿನ ಮೂಳೆ ಸ್ವಲ್ಪ ಬಾಗುತ್ತೆ. ಆ ಹೊರೆಗೆ ತಕ್ಕ ಹಾಗೆ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ, ಆದರೆ ಮೊದಲು ಹಳೆಯದನ್ನು ಕೆರೆದು ತೆಗೆದು, ಆಮೇಲೆ ಹೊಸದನ್ನು ತುಂಬುತ್ತೆ. ನಡುವಿನ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ, ಮೂಳೆಗೆ ತಿಂಗಳುಗಳೇ ಬೇಕು. ಹೊಸ ಓಟಗಾರ ಮೋಸ ಹೋಗೋದು ಇಲ್ಲೇ: ಉಸಿರು "ಓಡು" ಅನ್ನುತ್ತೆ, ಮೂಳೆ ಇನ್ನೂ ಸಿದ್ಧ ಇರಲ್ಲ. ದಿನಾ ಪ್ರೊಡಕ್ಷನ್ನಿಗೆ ಕೋಡ್ ಹಾಕೋ ಮುಂಚೆ ನೂರು ಸಲ ಟೆಸ್ಟ್ ಮಾಡುವ ನಾನು ನನ್ನ ಕಾಲನ್ನು ಟೆಸ್ಟ್ ಮಾಡಿರಲಿಲ್ಲ ನೋಡಿ!

ಮುಂದಿನ ಮೂರು ವಾರ ಓಟ ಬಂದ್, ಸೈಕಲ್ ಮತ್ತು ಈಜು ಮಾತ್ರ. ಚುರುಕಾಗಿ ನಡೆದರೂ ನೋವಿಲ್ಲ ಅಂತಾದ ಮೇಲೆ 'ಕೌಚ್ ಟು 5ಕೆ' ಹಿಡಿದೆ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವವರು ರೂಪಿಸಿದ ಒಂಬತ್ತು ವಾರದ ಕ್ರಮ ಇದು. ಮೊದಲ ವಾರ 5 ನಿಮಿಷ ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರೇ ದಿನ. ನಾನು ಪ್ರತಿ ವಾರದ ಪಾಠವನ್ನೂ ಎರಡೆರಡು ಸಲ ಮಾಡಿದೆ. ಹೆಜ್ಜೆ ಚಿಕ್ಕದು ಮಾಡಿದೆ, ಪಕ್ಕದವರ ಜೊತೆ ಮಾತಾಡುವಷ್ಟು ನಿಧಾನವಾಗಿ ಓಡಿದೆ. ಓಡದ ದಿನಗಳಲ್ಲಿ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು: ಮಂಡಿ ನೆಟ್ಟಗಿಟ್ಟು 15 ಸಲ, ಸ್ವಲ್ಪ ಬಗ್ಗಿಸಿ 15 ಸಲ. ಮೀನಖಂಡ ಗಟ್ಟಿಯಾದಷ್ಟೂ ಮೂಳೆಯ ಕೆಲಸ ಹಗುರ.

ಹಾಗಾದ್ರೆ ಶೂ ಮುಖ್ಯವಲ್ವಾ ಅಂತ ಕೇಳ್ತೀರ. ಮುಖ್ಯ, ಆದರೆ ಅಂಗಡಿಯವರು ಹೇಳುವಷ್ಟಲ್ಲ. 2010ರ ಆಸುಪಾಸಿನಲ್ಲಿ ಅಮೆರಿಕದ ಸೇನೆಯವರು ತರಬೇತಿಗೆ ಬಂದವರಿಗೆ ಪಾದದ ಕಮಾನು ನೋಡಿ ಶೂ ಕೊಟ್ಟು ಪರೀಕ್ಷಿಸಿದರು. ಎಲ್ಲರಿಗೂ ಒಂದೇ ಬಗೆ ಕೊಟ್ಟ ಗುಂಪಿಗಿಂತ ಗಾಯಗಳೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಸರಳವಾದ ಸೂತ್ರ ಮುಂದಿಟ್ಟರು: ಕಾಲಿಗೆ ಹಾಯೆನಿಸುವುದನ್ನು ಆರಿಸಿಕೊಳ್ಳಿ.

ನಾನು ಈಗ ಶೂ ಕೊಳ್ಳೋದು ಹೀಗೆ. ಸಂಜೆ ಹೋಗ್ತೀನಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕ್ಕೊಂಡು ಹೋಗ್ತೀನಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ಅಗಲದಲ್ಲಿ ಹಿಸುಕಬಾರದು. ಕಡೇಪಕ್ಷ ಮೂರು ಜೊತೆ ಹಾಕಿ ಅಲ್ಲೇ ಓಡಿ ನೋಡ್ತೀನಿ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರೆ ಆ ಜೊತೆ ಬೇಡ. 500ರಿಂದ 800 ಕಿಲೋಮೀಟರ್ ಆದ ಮೇಲೆ, ಅಟ್ಟೆ ಸವೆದಿದ್ದರೆ, ಮಮಕಾರ ಬಿಟ್ಟು ಬದಲಾಯಿಸ್ತೀನಿ. ಬಣ್ಣಕ್ಕೆ ಮರುಳಾಗದಿದ್ದರೆ ಹಿಂದಿನ ವರ್ಷದ ಮಾಡೆಲ್ ಎಷ್ಟೋ ಅಗ್ಗಕ್ಕೆ ಸಿಗುತ್ತೆ.

ಒಂದು ಎಚ್ಚರಿಕೆ ಮಾತ್ರ ಮರೀಬೇಡಿ. ಶಿನ್ ಸ್ಪ್ಲಿಂಟ್ಸ್ ನೋವು ಮೂಳೆಯ ಉದ್ದಕ್ಕೂ ಹರಡಿರುತ್ತೆ. ನೋವು ಬೆರಳ ತುದಿಯಷ್ಟು ಒಂದೇ ಜಾಗದಲ್ಲಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ಅದು ಮೂಳೆಯ ಬಿರುಕಿರಬಹುದು. ಓಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಹೋಗಬಹುದು, ಹಾಗಾಗಿ "ಎಕ್ಸ್‌ರೇ ಸರಿ ಇದೆಯಲ್ಲ" ಅಂತ ಮತ್ತೆ ಓಡೋಕೆ ಹೋಗಬೇಡಿ.

ಡಿಸೆಂಬರಿನಲ್ಲಿ, ಕೊರೆಯೋ ಚಳಿಯಲ್ಲಿ, ನಿಲ್ಲದೆ ಐದು ಕಿಲೋಮೀಟರ್ ಓಡಿದೆ. 41 ನಿಮಿಷ. ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಓಡುತ್ತಿದ್ದ ಒಬ್ಬ ತಾಯಿ ನನ್ನನ್ನು ಆರಾಮಾಗಿ ದಾಟಿ ಹೋದರು! ಅದರ ಮುಂದಿನ ತಿಂಗಳ ರಿಪೋರ್ಟಿನಲ್ಲಿ ಅಂಕಿ 5.6. ಅನ್ನ ಕಡಿಮೆ ಮಾಡಿದ್ದೂ ಸೇರಿ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಬಂದಿದೀನಿ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನೋಡಿದ್ಯಾ, ಹರಳೆಣ್ಣೆ!" ಅಂದಳು. ನಾನು ವಾದಕ್ಕೆ ಹೋಗಲಿಲ್ಲ.