ಮೋಟಾರ್‌ಸೈಕಲ್ಲಿನ ಆರೈಕೆಯೂ ವಾರಂಟಿಯೂ

ಕಂತಿನ ಸಾಲದಲ್ಲಿ ಮೋಟಾರ್‌ಸೈಕಲ್ ಕೊಂಡ ನಮ್ಮ ಬಾಂಧವರಲ್ಲಿ ಅನೇಕರು ವಾರಂಟಿ ಪುಸ್ತಕವನ್ನು ಓದದೆಯೇ ಪೆಟ್ಟಿಗೆಯಲ್ಲಿಡುತ್ತಾರೆ. ಎಂಜಿನ್ ಕೆಟ್ಟ ದಿನ ತಿಂಗಳ ಸಂಬಳವನ್ನು ಉಳಿಸಬಲ್ಲುದು ಆ ಪುಸ್ತಕವೇ.

ವಾರಕ್ಕೊಮ್ಮೆ ಟೈರಿನ ಗಾಳಿಯನ್ನೂ ಎಂಜಿನ್ ಎಣ್ಣೆಯ ಮಟ್ಟವನ್ನೂ ನೋಡುವುದು, ಸುಮಾರು 500 ಕಿಲೋಮೀಟರಿಗೊಮ್ಮೆ ಚೈನನ್ನು ಶುಚಿಗೊಳಿಸಿ ಎಣ್ಣೆ ಹಚ್ಚುವುದು ಸವಾರನ ಕರ್ತವ್ಯ. ಇದರಿಂದ ವಾರಂಟಿಗೆ ಬಾಧಕವಿಲ್ಲ. ಎಂಜಿನ್ ಬಿಚ್ಚುವುದು, ಹೆಚ್ಚಿನ ದೀಪಕ್ಕಾಗಿ ತಂತಿ ಕತ್ತರಿಸುವುದು ಮಾತ್ರ ಸಲ್ಲದು. ನಿಗದಿತ ಸರ್ವಿಸುಗಳನ್ನು ತಪ್ಪದೆ ಕಂಪನಿಯ ಅಧಿಕೃತ ಕಾರ್ಯಾಗಾರದಲ್ಲಿ ಮಾಡಿಸಿ, ರಸೀತಿಗಳನ್ನು ಜೋಪಾನವಾಗಿಡಿರಿ.

ನ್ಯಾಯವಾದ ಕೋರಿಕೆಯನ್ನು ಕಂಪನಿ ತಳ್ಳಿಹಾಕಿದರೆ ಎದೆಗುಂದಬೇಕಿಲ್ಲ. ವಾಹನವನ್ನು ಊರಿನಲ್ಲಿ ಕೊಂಡಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಅಥವಾ ದುಡಿಯುವ ಸ್ಥಳದ ಗ್ರಾಹಕ ಆಯೋಗಕ್ಕೇ ದೂರು ಸಲ್ಲಿಸಬಹುದು. ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಆ ರಸೀತಿಗಳೇ.