ಆಕಾಶದ ಕೊಡೆಗೆ ಸುಂಕದ ಕಟ್ಟೆಯಲ್ಲಿ ಯಾವ ಹೆಸರು?

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಸುಂಕದವನಿಗೆ ಬೇಕಾದುದು ನಮ್ಮ ಕಥೆಯಲ್ಲ, ಮೂಟೆಯಲ್ಲಿ ಏನಿದೆ ಎಂಬ ಒಂದೇ ಉತ್ತರ. ಆದರೆ ಆ ಉತ್ತರ ಯಾವಾಗಲೂ ಸುಲಭವಲ್ಲ. ವಿದೇಶದಿಂದ ಬಂದ ಪೆಟ್ಟಿಗೆಯನ್ನು ತೆರೆದಾಗ ಮಡಿಸಿಟ್ಟ ನೈಲಾನ್ ಬಟ್ಟೆ, ನೂರಾರು ಮೀಟರ್ ತೆಳು ಹಗ್ಗ, ಎದೆಗೂ ತೊಡೆಗೂ ಬಿಗಿಯುವ ಪಟ್ಟಿಗಳು ಕಂಡವೆನ್ನಿ. ಇದು ಬಟ್ಟೆಯೇ? ಆಟದ ಸಾಮಾನೇ? ವಿಮಾನವೇ?

ಇಂಥ ತೊಡಕನ್ನು ಬಿಡಿಸಲೆಂದೇ ಜಗತ್ತಿನ ದೇಶಗಳು ಒಂದು ಸಮಾನ ಪಟ್ಟಿಯನ್ನು ಒಪ್ಪಿಕೊಂಡಿವೆ. ಅದರ ಹೆಸರು 'ಹಾರ್ಮೊನೈಸ್ಡ್ ಸಿಸ್ಟಮ್'. 1983ರಲ್ಲಿ ಒಪ್ಪಂದವಾಗಿ, 1988ರ ಜನವರಿ 1ರಿಂದ ಜಾರಿಗೆ ಬಂದ ಈ ಪಟ್ಟಿಯನ್ನು ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ನೋಡಿಕೊಳ್ಳುತ್ತದೆ. ಸರಕುಗಳನ್ನು 21 ವಿಭಾಗಗಳಲ್ಲಿ, 1ರಿಂದ 97ರವರೆಗಿನ ಅಧ್ಯಾಯಗಳಲ್ಲಿ ಹಂಚಲಾಗಿದೆ. ಸಂಖ್ಯೆಯ ಮೊದಲ ಎರಡು ಅಂಕಿಗಳು ಅಧ್ಯಾಯವನ್ನೂ ನಾಲ್ಕು ಅಂಕಿಗಳು ಶೀರ್ಷಿಕೆಯನ್ನೂ ಆರು ಅಂಕಿಗಳು ಉಪಶೀರ್ಷಿಕೆಯನ್ನೂ ಸೂಚಿಸುತ್ತವೆ. ಆರು ಅಂಕಿಗಳವರೆಗೆ ಎಲ್ಲ ದೇಶಗಳಿಗೂ ಒಂದೇ ಸಂಖ್ಯೆ. ಅದರಾಚೆಗೆ ಆಯಾ ದೇಶ ತನ್ನ ಅಂಕಿಗಳನ್ನು ಸೇರಿಸಿಕೊಳ್ಳಬಹುದು. ಭಾರತದ ಸುಂಕಪಟ್ಟಿಯಲ್ಲಿ ಎಂಟು ಅಂಕಿಗಳಿವೆ.

ಈಗ ನೈಲಾನ್ ಬಟ್ಟೆಯ ಒಂದು ಥಾನನ್ನೇ ತೆಗೆದುಕೊಳ್ಳಿ. ಬರಿಯ ಬಟ್ಟೆಯಾಗಿ ಬಂದರೆ ಅದು 5407. ಅದರಿಂದ ದೋಣಿಯ ಹಾಯಿ ಹೊಲಿದರೆ 6306. ಕಡ್ಡಿ ಸೇರಿಸಿ ಕೊಡೆ ಮಾಡಿದರೆ 6601. ಪ್ಯಾರಾಚೂಟ್ ಮಾಡಿದರೆ? ಅದು ಬಟ್ಟೆಗಳ ಗುಂಪನ್ನೇ ಬಿಟ್ಟು, ವಿಮಾನ ಮತ್ತು ಗಗನನೌಕೆಗಳ 88ನೆಯ ಅಧ್ಯಾಯಕ್ಕೆ ಹಾರಿ, 8804 ಎಂಬ ಶೀರ್ಷಿಕೆಯಲ್ಲಿ ಇಳಿಯುತ್ತದೆ. ಕಾರಣ ಸರಳ. ವರ್ಗೀಕರಣದ ಮೊದಲ ನಿಯಮದಂತೆ ಶೀರ್ಷಿಕೆಯ ಮಾತುಗಳೇ ಪ್ರಮಾಣ. ದಿಕ್ಕು ತಿರುಗಿಸಬಹುದಾದ ಪ್ಯಾರಾಚೂಟ್, ಪ್ಯಾರಾಗ್ಲೈಡರ್, ಇವುಗಳ ಬಿಡಿಭಾಗಗಳು ಎಲ್ಲವನ್ನೂ 8804 ಹೆಸರು ಹಿಡಿದೇ ಹೇಳುತ್ತದೆ. ಆದ್ದರಿಂದ ಕ್ರೀಡೆಗೆ ಬಳಸಿದರೂ ಪ್ಯಾರಾಗ್ಲೈಡರ್ ಕ್ರೀಡಾಸಾಮಗ್ರಿಯ 95ನೆಯ ಅಧ್ಯಾಯಕ್ಕೆ ಹೋಗುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ಯಾರಾಗ್ಲೈಡರ್‌ನಂತೆಯೇ ಬೆಟ್ಟದಿಂದ ಹಾರುವ ಹ್ಯಾಂಗ್ ಗ್ಲೈಡರ್ ಮಾತ್ರ 8801ರಲ್ಲಿ, ಬಲೂನು ಮತ್ತು ಗ್ಲೈಡರ್‌ಗಳ ಜೊತೆಯಲ್ಲಿದೆ. ಹ್ಯಾಂಗ್ ಗ್ಲೈಡರ್‌ಗೆ ಲೋಹದ ಕೊಳವೆಗಳ ಚೌಕಟ್ಟು ಉಂಟು. ಪ್ಯಾರಾಗ್ಲೈಡರ್‌ಗೆ ಮೂಳೆಯೇ ಇಲ್ಲ! ಮುಂಭಾಗದ ಬಾಯಿಗಳಿಂದ ನುಗ್ಗುವ ಗಾಳಿಯೇ ಅದರ ಬಟ್ಟೆಯನ್ನು ಉಬ್ಬಿಸಿ ರೆಕ್ಕೆಯಾಗಿಸುತ್ತದೆ. ಅದರ ಹುಟ್ಟು ಕೂಡ ಪ್ಯಾರಾಚೂಟಿನಿಂದಲೇ. 1797ರ ಅಕ್ಟೋಬರ್ 22ರಂದು ಪ್ಯಾರಿಸ್‌ನಲ್ಲಿ ಗಾರ್ನೆರಿನ್ ಬಲೂನಿನಿಂದ ಇಳಿದದ್ದು ರೇಷ್ಮೆಯ ಪ್ಯಾರಾಚೂಟಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಸಿಗದಂತಾದಾಗ ಅಮೆರಿಕವು ನೈಲಾನ್‌ಗೆ ತಿರುಗಿತು. 1978ರಲ್ಲಿ ಫ್ರಾನ್ಸಿನ ಮಿಯೂಸಿಯಲ್ಲಿ ಪ್ಯಾರಾಚೂಟ್ ಪಟುಗಳು ವಿಮಾನದ ಹಂಗಿಲ್ಲದೆ ಇಳಿಜಾರಿನಲ್ಲಿ ಓಡಿಯೇ ಹಾರಿದರು. 2015ರಲ್ಲಿ ಈ ಕ್ರೀಡೆಯ ವಿಶ್ವಕಪ್ ಸ್ಪರ್ಧೆ ನಮ್ಮ ಹಿಮಾಚಲ ಪ್ರದೇಶದ ಬೀರ್-ಬಿಲ್ಲಿಂಗ್‌ನಲ್ಲಿ ನಡೆಯಿತು.

ಒಂದು ಸಂಖ್ಯೆಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಸುಂಕದ ದರ ನಿಂತಿರುವುದು ಆ ಸಂಖ್ಯೆಯ ಮೇಲೆ. ಪರವಾನಗಿ ಬೇಕೇ ಬೇಡವೇ ಎಂಬ ವಿಚಾರಣೆ ಆರಂಭವಾಗುವುದೂ ಅಲ್ಲಿಂದಲೇ. ಸಂಖ್ಯೆ ತಪ್ಪಿದರೆ ಸರಕು ಬಂದರಿನಲ್ಲಿ ಉಳಿಯುತ್ತದೆ, ದಂಡವೂ ಬೀಳಬಹುದು. ದೇಶ ದೇಶಗಳ ವ್ಯಾಪಾರದ ಅಂಕಿಅಂಶ ತಯಾರಾಗುವುದೂ ಇದರಿಂದಲೇ.

ಆದರೆ ಈ ಪಟ್ಟಿಗೂ ಒಂದು ಮಿತಿ ಇದೆ. 8804ಕ್ಕೆ ಆರು ಅಂಕಿಗಳಲ್ಲಿ ಇರುವುದು 8804.00 ಎಂಬ ಒಂದೇ ಉಪಶೀರ್ಷಿಕೆ. ಸೈನಿಕನ ಪ್ಯಾರಾಚೂಟ್, ಪ್ರವಾಸಿಯ ಪ್ಯಾರಾಗ್ಲೈಡರ್, ಪೈಲಟ್ ಆಪತ್ತಿಗೆಂದು ಇಟ್ಟುಕೊಳ್ಳುವ ಮೀಸಲು ಪ್ಯಾರಾಚೂಟ್ ಎಲ್ಲವೂ ಒಂದೇ ಬುಟ್ಟಿಯಲ್ಲಿ. ಜಗತ್ತಿನಲ್ಲಿ ಎಷ್ಟು ಪ್ಯಾರಾಗ್ಲೈಡರ್‌ಗಳು ಮಾರಾಟವಾದವು ಎಂಬುದನ್ನು ಈ ಆರು ಅಂಕಿಗಳಿಂದ ತಿಳಿಯಲಾಗದು. ಸೇನೆಗೆಂದೇ ವಿನ್ಯಾಸಗೊಳಿಸಿದ್ದು ಯಾವುದು ಎಂಬುದನ್ನೂ ಈ ಸಂಖ್ಯೆ ಹೇಳದು. ಅದಕ್ಕಾಗಿ ಬೇರೆ ಪಟ್ಟಿಗಳಿವೆ. ಶಸ್ತ್ರಾಸ್ತ್ರ ಮತ್ತು ಸೂಕ್ಷ್ಮ ತಂತ್ರಜ್ಞಾನದ ರಫ್ತನ್ನು ನಿಯಂತ್ರಿಸುವ ವಾಸೆನಾರ್ ಒಪ್ಪಂದದ ಪಟ್ಟಿಯಲ್ಲಿ ಸೇನಾ ಬಳಕೆಗೆಂದೇ ರೂಪಿಸಿದ ಪ್ಯಾರಾಚೂಟ್, ಪ್ಯಾರಾಗ್ಲೈಡರ್‌ಗಳ ಹೆಸರಿದೆ. ಭಾರತ ಈ ಕೂಟವನ್ನು 2017ರ ಡಿಸೆಂಬರ್‌ನಲ್ಲಿ ಸೇರಿತು. ಹೀಗಾಗಿ ರಫ್ತುದಾರನು ಸಂಖ್ಯೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಅದನ್ನು ಯಾವ ಉದ್ದೇಶಕ್ಕೆ ರೂಪಿಸಲಾಗಿದೆ ಎಂಬುದಕ್ಕೂ ಉತ್ತರ ಕೊಡಬೇಕು.

ನಮ್ಮಲ್ಲಿ ಕಾನ್ಪುರದ ಕಾರ್ಖಾನೆ 1941ರಿಂದ ಪ್ಯಾರಾಚೂಟ್‌ಗಳನ್ನು ಹೊಲಿಯುತ್ತಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋದ ಗಗನಯಾನಕ್ಕೆ, ಗಗನಯಾತ್ರಿಗಳನ್ನು ಕ್ಷೇಮವಾಗಿ ಇಳಿಸಲು, ಆಗ್ರಾದ ರಕ್ಷಣಾ ಪ್ರಯೋಗಾಲಯ ಹತ್ತು ಪ್ಯಾರಾಚೂಟ್‌ಗಳ ವ್ಯವಸ್ಥೆಯನ್ನು ರೂಪಿಸಿದೆ. ಬಟ್ಟೆಯೆಂದು ಹಗುರಾಗಿ ಕಾಣುವ ವಸ್ತುವಿನ ಮೇಲೆ ಮನುಷ್ಯನ ಜೀವವೇ ತೂಗುತ್ತದೆ.

ವಿದ್ಯಾರ್ಥಿ ಮಿತ್ರರೇ, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅಂಗಡಿಗಳ ಅನೇಕ ಬಿಲ್ಲುಗಳಲ್ಲಿ 'ಎಚ್‌ಎಸ್‌ಎನ್' ಎಂಬ ಸಂಖ್ಯೆ ಇರುತ್ತದೆ. ಅದು ಇದೇ ಪದ್ಧತಿಯ ಸಂಖ್ಯೆ. ಮನೆಯಲ್ಲಿರುವ ನಾಲ್ಕಾರು ಬಿಲ್ಲುಗಳನ್ನು ಹುಡುಕಿ, ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ಗುರುತು ಹಾಕಿಕೊಳ್ಳಿ. ಯಾವ ವಸ್ತು ಯಾವ ಅಧ್ಯಾಯದಲ್ಲಿದೆ, ಏಕೆ ಅಲ್ಲಿದೆ ಎಂದು ಗೆಳೆಯರೊಡನೆ ಚರ್ಚಿಸಿ.