ಸಾವಿರ ಜನರಲ್ಲಿ ಸಾವಿರದ ಏಳುನೂರ ಎಪ್ಪತ್ತೈದು ಮಂದಿ!

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ. ಮೆಸ್ಸಿನಲ್ಲಿ ಊಟ ಮುಗಿಸಿ ನಾವು ಮೂವರು ರೂಮಿಗೆ ಬಂದು ಕೂತಿದ್ದೆವು. ಅಷ್ಟರಲ್ಲಿ ನಮ್ಮಲ್ಲೊಬ್ಬನ ತಂಗಿಯ ಫೋನ್ ಬಂತು. ಅವಳದು ಊರಲ್ಲಿ ಎರಡನೇ ಪಿಯುಸಿ, ಕಾಮರ್ಸ್, ಕನ್ನಡ ಮಾಧ್ಯಮ. "ಅಣ್ಣಾ, ಪ್ರಸಾಮಾನ್ಯ ವಿತರಣೆ ಅರ್ಥಾನೇ ಆಗ್ತಿಲ್ಲ. ಒಂದು ಲೆಕ್ಕ ಹೇಳಿಕೊಡು" ಅಂದಳು.

ಪ್ರಸಾಮಾನ್ಯ ವಿತರಣೆ? ನಾವು ಮುಖ ಮುಖ ನೋಡಿಕೊಂಡೆವು. ಅವಳು ಲೆಕ್ಕ ಓದತೊಡಗಿದ ಮೇಲೆ "ಅಯ್ಯೋ, ನಾರ್ಮಲ್ ಡಿಸ್ಟ್ರಿಬ್ಯೂಷನ್ ಕಣ್ರೋ!" ಎಂದು ಹೊಳೆಯಿತು. ಅದೇ ಸೆಮಿಸ್ಟರಿನಲ್ಲಿ ನಾವು ಓದಿ, ಬರೆದು, ಒಳ್ಳೆ ಅಂಕ ತೆಗೆದ ಪಾಠ. ಸ್ಪೀಕರ್ ಆನ್ ಮಾಡಿ, ಮೂವರೂ ಪೆನ್ನು ಹಿಡಿದೆವು.

ಲೆಕ್ಕ ಇಷ್ಟೇ: 1000 ವಿದ್ಯಾರ್ಥಿಗಳ ಅಂಕಗಳು ಪ್ರಸಾಮಾನ್ಯವಾಗಿ ಹಂಚಿಕೆಯಾಗಿವೆ. ಸರಾಸರಿ 60, ಮಾನಕ ವಿಚಲನೆ 10. 50ರಿಂದ 75ರವರೆಗೆ ಅಂಕ ಪಡೆದವರು ಎಷ್ಟು ಮಂದಿ?

ಐದು ನಿಮಿಷದಲ್ಲಿ ಮೂವರಿಂದ ಮೂರು ಉತ್ತರ ಬಂತು. ಸಿವಿಲ್‌ನವನು 92 ಅಂದ. ಮೆಕ್ಯಾನಿಕಲ್‌ನವನು 775 ಅಂದ. ಇಸಿಯವನು ಧೈರ್ಯವಾಗಿ 1775 ಅಂದ. ಆ ಕಡೆಯಿಂದ ತಂಗಿ ಮೆಲ್ಲಗೆ ಕೇಳಿದಳು: "ಅಣ್ಣಾ, ಪರೀಕ್ಷೆ ಬರೆದವರೇ ಸಾವಿರ ಜನ ಅಲ್ವಾ?"

ನಗು ಬಂತು, ನಾಚಿಕೆಯೂ ಆಯಿತು. ಅವಳಿಗೆ ವಾರದಲ್ಲಿ ಪರೀಕ್ಷೆ. ನಾವು ತಪ್ಪು ಹೇಳಿಕೊಟ್ಟರೆ ಅವಳು ಅದನ್ನೇ ಬರೆದು ಬರುತ್ತಾಳೆ. "ಅರ್ಧ ಗಂಟೆ ಬಿಟ್ಟು ಮಾಡ್ತೀವಿ" ಅಂತ ಫೋನ್ ಇಟ್ಟು, ಮೊದಲು ನಮ್ಮ ನಮ್ಮ ತಪ್ಪು ಹುಡುಕಲು ಕೂತೆವು.

ಎರಡು ಟೇಬಲ್, ಎರಡು ಲೆಕ್ಕ

ಮೂವರೂ ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದೆವು: 50ಕ್ಕೆ ಝಡ್ ಬೆಲೆ −1, 75ಕ್ಕೆ 1.5. ಎಡವಿದ್ದು ಟೇಬಲ್ ನೋಡುವಾಗ.

ಝಡ್ ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ. ಒಂದರಲ್ಲಿ ನಡುಗೆರೆಯಿಂದ, ಅಂದರೆ ಸೊನ್ನೆಯಿಂದ, ಝಡ್‌ವರೆಗಿನ ವಿಸ್ತೀರ್ಣ ಕೊಟ್ಟಿರುತ್ತಾರೆ. ಅದರಲ್ಲಿ 1ಕ್ಕೆ 0.3413, 1.5ಕ್ಕೆ 0.4332. ಇನ್ನೊಂದರಲ್ಲಿ ಎಡತುದಿಯಿಂದ ಝಡ್‌ವರೆಗಿನ ಪೂರ್ತಿ ವಿಸ್ತೀರ್ಣ ಇರುತ್ತದೆ. ಅದರಲ್ಲಿ 1ಕ್ಕೆ 0.8413, 1.5ಕ್ಕೆ 0.9332. ವ್ಯತ್ಯಾಸ ಎಡಭಾಗದ ಅರ್ಧ, 0.5 ಮಾತ್ರ.

ನಮ್ಮ ಇಸಿ ಗೆಳೆಯ ಎರಡನೇ ಟೇಬಲ್ ತೆರೆದು, ಮೊದಲನೇ ಟೇಬಲ್ಲಿನ ರೂಲ್ ಹಾಕಿದ್ದ: "ಒಂದು ಮೈನಸ್, ಒಂದು ಪ್ಲಸ್ ಇದ್ರೆ ಕೂಡಿಸಬೇಕು." 0.9332 + 0.8413 = 1.7745. ಹೀಗಾಗಿ ಸಾವಿರ ಜನರ ಕ್ಲಾಸಿನಲ್ಲಿ 1775 ಮಂದಿ ಹುಟ್ಟಿಕೊಂಡರು! ಆ ಟೇಬಲ್ಲಿನಲ್ಲಿ −1ರ ಎಡಕ್ಕಿರುವ 0.1587 ಅನ್ನು ಕಳೆಯಬೇಕಿತ್ತು: 0.9332 − 0.1587 = 0.7745.

ಸಿವಿಲ್ ಗೆಳೆಯನದು ತದ್ವಿರುದ್ಧ. ಟೇಬಲ್ ಮೊದಲನೆಯದು, ರೂಲ್ ಎರಡನೆಯದು. "ನಡುವೆ ಅಂದ್ರೆ ಮೈನಸ್" ಎಂದು 0.4332ರಿಂದ 0.3413 ಕಳೆದು 0.0919 ತಂದಿದ್ದ. ಅದು 70ರಿಂದ 75ರ ನಡುವಿನವರ ಪಾಲು, ಕೇಳಿದ್ದು 50ರಿಂದ. ನಡುಗೆರೆಯ ಎರಡೂ ಬದಿಯ ತುಂಡು ಬೇಕಾಗಿದ್ದರಿಂದ ಇಲ್ಲಿ ಕೂಡಿಸಬೇಕಿತ್ತು: 0.3413 + 0.4332 = 0.7745. ಅಂದರೆ ಸುಮಾರು 775 ಮಂದಿ.

ಮೆಕ್ಯಾನಿಕಲ್‌ನವನು ಗೆದ್ದನಾ? ಅವನನ್ನೂ ಬಿಡಲಿಲ್ಲ. "ಯಾಕೆ ಕೂಡಿಸ್ದೆ?" ಅಂತ ಕೇಳಿದರೆ, "ನೋಟ್ಸಲ್ಲಿ ಹಂಗೇ ಇತ್ತು" ಅಂದ. ಉತ್ತರ ಸರಿ, ಅರ್ಥ ಸೊನ್ನೆ.

ಆ ರಾತ್ರಿ ನಾವು ಮಾಡಿಕೊಂಡ ಒಪ್ಪಂದ: ಟೇಬಲ್ ಮುಟ್ಟುವ ಮೊದಲು ಗಂಟೆಯ ಆಕಾರ ಬರೆಯಬೇಕು. ನಡುಗೆರೆ ಎಳೆದು, ಕೇಳಿದ ಭಾಗಕ್ಕೆ ಶೇಡ್ ಹಾಕಬೇಕು. ಶೇಡ್ ನೋಡಿದರೆ ಕೂಡಬೇಕೋ ಕಳೆಯಬೇಕೋ ತಾನಾಗಿ ಗೊತ್ತಾಗುತ್ತದೆ, ರೂಲ್ ಬಾಯಿಪಾಠ ಬೇಡ. ಚಿತ್ರ ಬರೆದಿದ್ದರೆ 92 ಅನ್ನುವ ಉತ್ತರ ಬರುತ್ತಲೇ ಇರಲಿಲ್ಲ. ಮುಕ್ಕಾಲು ಗಂಟೆಗೆ ಶೇಡ್ ಹಾಕಿ ಹತ್ತರಲ್ಲೊಂದು ಪಾಲು ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಝಡ್ ಅಂದರೆ ಎಷ್ಟು ಹೆಜ್ಜೆ?

ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆವು. ಅವಳಿಗೆ ಚಿತ್ರ ಹಿಡಿಸಿತು. ಆದರೆ ಅವಳ ಪ್ರಶ್ನೆ ಬೇರೆ: "ಅಂಕದಿಂದ ಸರಾಸರಿ ಕಳೆದು ಮಾನಕ ವಿಚಲನೆಯಿಂದ ಯಾಕೆ ಭಾಗಿಸೋದು? ಅಂಕಾನೇ ಇಟ್ಕೊಂಡ್ರೆ ಏನಾಗುತ್ತೆ?"

ನಾವು ಬೇರೆ ಉದಾಹರಣೆ ತೆಗೆದುಕೊಂಡೆವು. ನಿನಗೆ ಗಣಿತದಲ್ಲೂ 70, ಕನ್ನಡದಲ್ಲೂ 70 ಬಂತು ಅಂದುಕೋ. ಗಣಿತದಲ್ಲಿ ಕ್ಲಾಸಿನ ಸರಾಸರಿ 60, ಮಾನಕ ವಿಚಲನೆ 10. ಕನ್ನಡದಲ್ಲಿ ಸರಾಸರಿ 65, ಮಾನಕ ವಿಚಲನೆ 2.5. ಕ್ಲಾಸಿಗೆ ಹೋಲಿಸಿದರೆ ಯಾವುದರಲ್ಲಿ ನೀನು ಮುಂದೆ?

ಗಣಿತದಲ್ಲಿ ಸರಾಸರಿಗಿಂತ 10 ಹೆಚ್ಚು, ಕನ್ನಡದಲ್ಲಿ 5 ಮಾತ್ರ. ಹಾಗಂತ ಗಣಿತ ಅನ್ನುವಂತಿಲ್ಲ. ಗಣಿತದಲ್ಲಿ ಅಂಕಗಳು ಹರಡಿಕೊಂಡಿವೆ, ಹತ್ತು ಅಂಕ ಅಂದರೆ ಒಂದು ಹೆಜ್ಜೆ. ಕನ್ನಡದಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತಿದ್ದಾರೆ, ಎರಡೂವರೆ ಅಂಕವೇ ಒಂದು ಹೆಜ್ಜೆ. ಗಣಿತದಲ್ಲಿ ನೀನು ಒಂದು ಹೆಜ್ಜೆ ಮುಂದೆ, ಕನ್ನಡದಲ್ಲಿ ಎರಡು ಹೆಜ್ಜೆ ಮುಂದೆ. ಝಡ್ ಅಂದರೆ ಇಷ್ಟೇ: ಸರಾಸರಿಯಿಂದ ಎಷ್ಟು ಹೆಜ್ಜೆ ದೂರ. ಹೆಜ್ಜೆಯ ಅಳತೆಯೇ ಮಾನಕ ವಿಚಲನೆ. ಅಂಕವಾಗಲಿ, ಎತ್ತರವಾಗಲಿ, ಹೆಜ್ಜೆಯ ಲೆಕ್ಕಕ್ಕೆ ತಂದರೆ ಎಲ್ಲಕ್ಕೂ ಒಂದೇ ಗಂಟೆ, ಒಂದೇ ಟೇಬಲ್ ಸಾಕು.

ಎಂಜಿನಿಯರಿಂಗ್‌ನವರಿಗೆ ಇನ್ನೊಂದು ಮಾತು. ಈ ಗಂಟೆಯ ಸೂತ್ರವನ್ನು ನಮಗೆ ಗೊತ್ತಿರುವ ಸಾಮಾನ್ಯ ಫಂಕ್ಷನ್‌ಗಳಲ್ಲಿ ಇಂಟಿಗ್ರೇಟ್ ಮಾಡಿ ಮುಗಿಸಲು ಬರುವುದಿಲ್ಲ. ಟೇಬಲ್ ಹುಟ್ಟಿದ್ದೇ ಅದಕ್ಕೆ.

ಹೆಜ್ಜೆ ಲೆಕ್ಕ ಬಂದರೆ ಅಂದಾಜೂ ಬರುತ್ತದೆ. ಎರಡೂ ಬದಿಗೆ ಒಂದು ಹೆಜ್ಜೆಯೊಳಗೆ ಸುಮಾರು 68%, ಎರಡು ಹೆಜ್ಜೆಯೊಳಗೆ 95%, ಮೂರರೊಳಗೆ 99.7%. ನಮ್ಮ ಲೆಕ್ಕದಲ್ಲಿ 50ರಿಂದ 70ರವರೆಗೇ 68% ಆಯಿತು. 75ರವರೆಗೆ ಹೋದರೆ ಇನ್ನೂ ಸ್ವಲ್ಪ ಹೆಚ್ಚು. 77% ಅಂದರೆ ನಂಬಬಹುದು.

ಲಘು, ಗುರು, ಗಂಟೆ

"ಸರಿ, ಆದ್ರೆ ಗಂಟೆ ಆಕಾರಾನೇ ಯಾಕೆ?" ಇದು ಅವಳ ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ಗಣಿತದ ಪುಸ್ತಕದಲ್ಲಲ್ಲ, ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ.

ಛಂದಸ್ಸಿನ ಪಾಠದಲ್ಲಿ ಮೂರು ಅಕ್ಷರದ ಎಂಟು ಗಣ ಕಲಿತದ್ದು ನೆನಪಿದೆಯಲ್ಲ? ಅವನ್ನು ಗುರುಗಳ ಲೆಕ್ಕದಲ್ಲಿ ಗುಂಪು ಮಾಡಿ ನೋಡಿ. ಗುರುವೇ ಇಲ್ಲದ್ದು ನಗಣ ಒಂದೇ. ಒಂದು ಗುರು ಇರುವವು ಭಗಣ, ಜಗಣ, ಸಗಣ. ಎರಡು ಗುರು ಇರುವವು ಯಗಣ, ರಗಣ, ತಗಣ. ಮೂರೂ ಗುರು ಇರುವುದು ಮಗಣ ಒಂದೇ. 1, 3, 3, 1. ಪಿಂಗಲನ ಛಂದಶ್ಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನೇ ಮೇರುಪ್ರಸ್ತಾರ ಎಂದು ವಿವರಿಸಿದ. ನಾವು ಪ್ಯಾಸ್ಕಲ್ ತ್ರಿಕೋನ ಅನ್ನುವುದು ಅದನ್ನೇ.

ಈಗ ಹತ್ತು ಅಕ್ಷರದ ಸಾಲು ತೆಗೆದುಕೊಳ್ಳಿ. ಒಟ್ಟು 1024 ವಿನ್ಯಾಸ. ಗುರುಗಳ ಸಂಖ್ಯೆ 0ಯಿಂದ 10ರವರೆಗೆ ಹೋದಂತೆ ವಿನ್ಯಾಸಗಳ ಎಣಿಕೆ ಹೀಗಿದೆ: 1, 10, 45, 120, 210, 252, 210, 120, 45, 10, 1. ಕಂಬಗಳಾಗಿ ಬರೆದು ನೋಡಿ, ಗಂಟೆ ಎದ್ದು ನಿಲ್ಲುತ್ತದೆ. ಹತ್ತೂ ಗುರುವಾಗಲು ಒಂದೇ ದಾರಿ, ಐದು ಗುರು ಐದು ಲಘು ಆಗಲು 252 ದಾರಿ. ನಡು ಉಬ್ಬುವುದು ಅದಕ್ಕೇ. ಒಂದನ್ನೊಂದು ಅವಲಂಬಿಸದ ಸಣ್ಣ ಸಣ್ಣ ಕಾರಣಗಳು ಹಲವು ಕೂಡಿದಾಗ ಗಂಟೆ ಮೂಡುತ್ತದೆ. ನಾಣ್ಯ ಚಿಮ್ಮುವ ಇಂಥದೇ ಲೆಕ್ಕದಿಂದ ಡಿ ಮೊಯಿವ್ರ್ 1733ರಲ್ಲಿ ಈ ವಕ್ರರೇಖೆಗೆ ಬಂದ. ಗೌಸ್ 1809ರಲ್ಲಿ ಆಕಾಶಕಾಯಗಳ ವೀಕ್ಷಣೆಯ ದೋಷಗಳಿಗೆ ಅದನ್ನು ಬಳಸಿದ.

ಅಂಥ ಕಾರಣಗಳಿಲ್ಲದ ಕಡೆ ಗಂಟೆ ಹುಡುಕಬಾರದು. ಹತ್ತು ನಿಮಿಷಕ್ಕೊಂದರಂತೆ ತಪ್ಪದೆ ಬರುವ ಬಸ್ಸಿಗೆ ಸಮಯ ನೋಡದೆ ಹೋಗಿ ನಿಂತರೆ, ಕಾಯುವ ಹೊತ್ತು ಸಪಾಟಾಗಿ ಹರಡುತ್ತದೆ. ಪೇಪರ್ ತೀರಾ ಸುಲಭವಾದರೆ ಅಂಕಗಳೆಲ್ಲ ಬಲತುದಿಗೆ ಹೋಗಿ ಗುಡ್ಡೆ ಬೀಳುತ್ತವೆ. ಲೆಕ್ಕದಲ್ಲಿ "ಪ್ರಸಾಮಾನ್ಯವಾಗಿ ಹಂಚಿಕೆಯಾಗಿವೆ" ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಅದು ಷರತ್ತು.

ಸರಿಯಾಗಿ 60 ಬಂದವರು?

ಮರುದಿನ ಸಂಜೆ ತಂಗಿಯೇ ಫೋನ್ ಮಾಡಿದಳು. "ಅಣ್ಣಾ, ಅದೇ ಲೆಕ್ಕದಲ್ಲಿ ಸರಿಯಾಗಿ 60 ಅಂಕ ತಗೊಂಡವರು ಎಷ್ಟು ಜನ?"

ಸಿವಿಲ್‌ನವನು ತಕ್ಷಣ "ಸೊನ್ನೆ" ಅಂದ. ಗೆರೆಗೆ ಅಗಲವಿಲ್ಲ, ಅಗಲವಿಲ್ಲದ್ದಕ್ಕೆ ವಿಸ್ತೀರ್ಣವಿಲ್ಲ. ಇಸಿಯವನು ಒಪ್ಪಲಿಲ್ಲ: "ಸಾವಿರ ಜನರಲ್ಲಿ ಒಬ್ರಿಗೂ 60 ಬರಲ್ವೇನೋ?"

ಇಬ್ಬರದೂ ನ್ಯಾಯವೇ. ವಕ್ರರೇಖೆಗೆ 60 ಒಂದು ಬಿಂದು, ಆದರೆ ಅಂಕಗಳು ಪೂರ್ಣಸಂಖ್ಯೆಗಳು. ಆದ್ದರಿಂದ 60 ಎಂಬ ಕಂಬ 59.5ರಿಂದ 60.5ರವರೆಗೆ ಚಾಚಿದೆ ಎಂದುಕೊಳ್ಳಬೇಕು. ಝಡ್ −0.05ರಿಂದ 0.05. ವಿಸ್ತೀರ್ಣ 0.0199ರ ಎರಡರಷ್ಟು, ಅಂದರೆ 0.0398. ಸುಮಾರು 40 ಮಂದಿ.

ಈ ಅರ್ಧರ್ಧ ಸೇರಿಸುವುದು ನಂಬಿಕಸ್ತವೇ ಎಂದು ಛಂದಸ್ಸಿನ ಮೇಲೇ ಪರೀಕ್ಷಿಸಿದೆವು. ಹತ್ತು ಅಕ್ಷರದಲ್ಲಿ 4, 5 ಅಥವಾ 6 ಗುರು ಇರುವ ವಿನ್ಯಾಸ 672, ಅಂದರೆ 1024ರಲ್ಲಿ 65.6%. ಇಲ್ಲಿ ಸರಾಸರಿ 5, ಮಾನಕ ವಿಚಲನೆ 1.58. 3.5ರಿಂದ 6.5ರವರೆಗೆ ಅಂದರೆ ಎರಡೂ ಬದಿಗೆ 0.95 ಹೆಜ್ಜೆ. ಟೇಬಲ್ ಕೊಟ್ಟ ಉತ್ತರ 65.8%.

ಫೋನಿನಲ್ಲಿ ಅದನ್ನು ಹೇಳಿದಾಗ ಅವಳು ಅಂದಳು: "ಅಂದ್ರೆ ನೆನ್ನೆ ಲೆಕ್ಕದಲ್ಲೂ 49.5ರಿಂದ 75.5 ತಗೋಬೇಕಿತ್ತಲ್ವಾ?"

ನಾವು ಮತ್ತೆ ಮುಖ ಮುಖ ನೋಡಿಕೊಂಡೆವು. ಹೌದು, ಅಂಕಗಳನ್ನು ಪೂರ್ಣಸಂಖ್ಯೆ ಎಂದೇ ಹಿಡಿದರೆ ಹಾಗೆ ತೆಗೆದುಕೊಳ್ಳಬೇಕು. ಪಿಯುಸಿ ಲೆಕ್ಕದಲ್ಲಿ ಅಷ್ಟು ಕೇಳುವುದಿಲ್ಲ, 775 ಬರೆದರೆ ಸಾಕು ಎಂದು ಅವಳಿಗೆ ಹೇಳಿದೆವು. ಫೋನ್ ಇಟ್ಟ ಮೇಲೆ ಮೂವರೂ ಮೊದಲು ಗಂಟೆ ಬರೆದು, ಶೇಡ್ ಹಾಕಿ, ಆಮೇಲೆ ಟೇಬಲ್ ತೆಗೆದು ಆ ಲೆಕ್ಕ ಮಾಡಿದೆವು. ಈ ಸಲ ಮೂವರದೂ ಒಂದೇ ಉತ್ತರ ಬಂತು. ನೀವೂ ಮಾಡಿ ನೋಡಿ. ಸಾವಿರ ದಾಟಿದರೆ ನಮ್ಮ ರೂಮಿಗೆ ಬನ್ನಿ.